ಮಾತ್ರೆಯ ಹಿಂದಿನ ಜರಡಿ

ಜ್ವರವೋ ನೆಗಡಿಯೋ ಬಂದಾಗ ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ನಾವು ಎರಡು ಗುಟುಕು ನೀರಿನೊಡನೆ ನುಂಗಿಬಿಡುತ್ತೇವೆ. ಕೊಳ್ಳುವಾಗ ಬೆಲೆಯನ್ನು ನೋಡುತ್ತೇವೆ. ಎಚ್ಚರಿಕೆಯುಳ್ಳವರು ಅವಧಿ ಮುಗಿಯುವ ತಿಂಗಳನ್ನೂ ನೋಡುತ್ತಾರೆ. ಆದರೆ ಒಂದು ಸ್ಟ್ರಿಪ್ಪಿನಲ್ಲಿರುವ ಹತ್ತೂ ಮಾತ್ರೆಗಳಲ್ಲಿ ಔಷಧವು ಸಮನಾಗಿ ಇದೆಯೇ ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಇದ್ದೇ ಇರುತ್ತದೆ ಎಂಬ ನಂಬಿಕೆ ನಮ್ಮದು. ಆ ನಂಬಿಕೆಯನ್ನು ಉಳಿಸಿಕೊಡುವ ಸಾಧನಗಳಲ್ಲಿ ಒಂದು ನಮ್ಮ ಅಡುಗೆಮನೆಯ ಮೊಳೆಗೂ ತೂಗುಹಾಕಿರುವಂಥದು, ಅದು ಜರಡಿ. ಹಳೆಯ ಮೈಸೂರಿನ ಕಡೆ ಇದನ್ನೇ ವಂದರಿ ಎನ್ನುವರು, ಧಾರವಾಡ ಬೆಳಗಾವಿಗಳ ಕಡೆ ಸಾಣಿಗೆ ಎನ್ನುವರು. ಕಾರ್ಖಾನೆಯಲ್ಲಿ ಅದಕ್ಕೆ ಮೋಟಾರು, ಉಕ್ಕಿನ ಕವಚ ಮತ್ತು ಲಕ್ಷಗಳ ಬೆಲೆ ಬಂದು ಸೇರುತ್ತವೆ. ಕೆಲಸ ಮಾತ್ರ ಅದೇ.

ವಾಣಿಜ್ಯ ಶಾಸ್ತ್ರದ ಪದವೀಧರನಾದ ನನಗೆ ಈ ವಿಷಯದಲ್ಲಿ ಏನು ಕೆಲಸ ಎಂದು ವಾಚಕರು ಕೇಳಬಹುದು. 2014ರಲ್ಲಿ ಮುಂಬಯಿಯ ಉತ್ತರಕ್ಕಿರುವ ಒಂದು ಕೈಗಾರಿಕಾ ವಸಾಹತಿಗೆ ಹೊಂದಿಕೊಂಡ ಶಾಖೆಯಲ್ಲಿ ನಾನು ಸಾಲ ವಿಭಾಗವನ್ನು ನೋಡಿಕೊಳ್ಳುತ್ತಿದ್ದೆ. ಮಾತ್ರೆ ತಯಾರಿಸುವ ಸಣ್ಣ ಘಟಕವೊಂದರ ಯಂತ್ರಗಳಿಗೆ ಅವಧಿ ಸಾಲವನ್ನು ಮಂಜೂರು ಮಾಡುವಾಗ, ಮೂರು ದರಪಟ್ಟಿಗಳ ನಡುವೆ ಇದೇ ಜರಡಿ ಯಂತ್ರವನ್ನು ಕೊಳ್ಳಿರಿ ಎಂದು ಶಿಫಾರಸು ಬರೆದವನು ನಾನು. ಆ ಶಿಫಾರಸು ತಪ್ಪಾಗಿತ್ತು. ಅದರ ಪರಿಣಾಮವನ್ನು ಮುಂದೆ ಹೇಳುತ್ತೇನೆ. ಆ ಪ್ರಸಂಗದ ನಂತರ ಕೇಳಿ, ನೋಡಿ, ಓದಿ ತಿಳಿದುಕೊಂಡುದನ್ನು ಇಲ್ಲಿ ಬರೆದಿದ್ದೇನೆ. ನಮ್ಮ ಸಂಘದ ಸದಸ್ಯರಲ್ಲಿ ಔಷಧ ಕಂಪನಿಗಳಲ್ಲಿ ದುಡಿಯುವವರೂ, ಸ್ವಂತ ಘಟಕವನ್ನು ತೆರೆಯಬೇಕೆಂದಿರುವ ತರುಣರೂ ಇರುವುದರಿಂದ ಇದು ಕೇವಲ ಕುತೂಹಲದ ವಿಷಯವಾಗಲಾರದು.

ಪುಡಿಯೇಕೆ ಹರಳಾಗಬೇಕು?

ಮಾತ್ರೆಯನ್ನು ಒತ್ತುವ ಯಂತ್ರವು ಪ್ರತಿಯೊಂದು ಮಾತ್ರೆಗೂ ಪುಡಿಯನ್ನು ತಕ್ಕಡಿಯಲ್ಲಿ ತೂಗುವುದಿಲ್ಲ. ಒಂದು ಸಣ್ಣ ಗುಂಡಿಯಂಥ ಅಚ್ಚು ಇರುತ್ತದೆ. ಅದರೊಳಕ್ಕೆ ಪುಡಿ ಸುರಿಯುತ್ತದೆ. ಅಚ್ಚು ತುಂಬಿದೊಡನೆ ಮೇಲಿಂದಲೂ ಕೆಳಗಿಂದಲೂ ಉಕ್ಕಿನ ಕಡ್ಡಿಗಳು ಒತ್ತುತ್ತವೆ. ಎಂದರೆ, ಇದು ಅಳತೆಯ ಲೆಕ್ಕವೇ ಹೊರತು ತೂಕದ ಲೆಕ್ಕವಲ್ಲ. ಸೇರು ಪಾವುಗಳಲ್ಲಿ ಅಕ್ಕಿ ಅಳೆದಂತೆ. ಸೇರಿನಲ್ಲಿ ಅಕ್ಕಿಯನ್ನು ಅಳೆದರೆ ಪ್ರತಿಸಲವೂ ಹೆಚ್ಚುಕಡಮೆ ಒಂದೇ ತೂಕ ಬರುತ್ತದೆ. ಅದೇ ಸೇರಿನಲ್ಲಿ ಮೈದಾ ಹಿಟ್ಟನ್ನು ಅಳೆದು ನೋಡಿರಿ: ಒಮ್ಮೆ ಕುಟ್ಟಿ ತುಂಬಿದರೆ ಒಂದು ತೂಕ, ಸಡಿಲವಾಗಿ ತುಂಬಿದರೆ ಇನ್ನೊಂದು ತೂಕ. ನುಣ್ಣನೆಯ ಔಷಧದ ಪುಡಿಯದೂ ಮೈದಾ ಹಿಟ್ಟಿನ ಸ್ವಭಾವವೇ. ಅದು ಸರಾಗವಾಗಿ ಹರಿಯುವುದಿಲ್ಲ, ಗೂಡುಕಟ್ಟಿ ನಿಲ್ಲುತ್ತದೆ, ತನ್ನೊಳಗೆ ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ.

ಆದುದರಿಂದ ಔಷಧವನ್ನು ಲ್ಯಾಕ್ಟೋಸ್, ಪಿಷ್ಟ ಮುಂತಾದ ಪೂರಕಗಳೊಡನೆ ಬೆರೆಸಿ, ಗಂಜಿಯಂಥ ಅಂಟಿನಲ್ಲಿ ಕಲಸಿ, ಒದ್ದೆಯ ಮುದ್ದೆಯನ್ನು ದೊಡ್ಡ ಕಣ್ಣಿನ ಜಾಲರಿಯ ಮೂಲಕ ಒತ್ತಿ ತೆಗೆದು, ಒಣಗಿಸಿ, ಮತ್ತೆ ಜರಡಿ ಹಿಡಿದು ರವೆಯಂಥ ಹರಳುಗಳನ್ನಾಗಿ ಮಾಡುತ್ತಾರೆ. ಇವೇ ಗ್ರಾನ್ಯೂಲುಗಳು. ಹರಳುಗಳು ಅಕ್ಕಿಯಂತೆ ಉರುಳುತ್ತವೆ, ಅಚ್ಚು ಸಮನಾಗಿ ತುಂಬುತ್ತದೆ, ಮಾತ್ರೆಯ ತೂಕ ಏರುಪೇರಾಗುವುದಿಲ್ಲ.

ತೂಕದ ಈ ಏರುಪೇರಿಗೆ ಭಾರತೀಯ ಔಷಧ ಸಂಹಿತೆಯು ಮಿತಿಯನ್ನು ಹಾಕಿದೆ. ಇಪ್ಪತ್ತು ಮಾತ್ರೆಗಳನ್ನು ಒಂದೊಂದಾಗಿ ತೂಗಿ ಸರಾಸರಿಯನ್ನು ತೆಗೆಯಬೇಕು. ಸರಾಸರಿ ತೂಕ 250 ಮಿಲಿಗ್ರಾಮ್ ಅಥವಾ ಹೆಚ್ಚಾಗಿದ್ದರೆ ಶೇ. 5, ಅದಕ್ಕಿಂತ ಕಡಮೆಯಿದ್ದು 80 ಮಿಲಿಗ್ರಾಮನ್ನು ಮೀರಿದ್ದರೆ ಶೇ. 7.5, 80 ಅಥವಾ ಅದಕ್ಕೂ ಕಡಮೆಯಿದ್ದರೆ ಶೇ. 10 ಇದು ಮಿತಿ. ಇಪ್ಪತ್ತರಲ್ಲಿ ಎರಡಕ್ಕಿಂತ ಹೆಚ್ಚು ಮಾತ್ರೆಗಳು ಈ ಮಿತಿಯನ್ನು ದಾಟಕೂಡದು. ಒಂದೇ ಒಂದು ಮಾತ್ರೆಯೂ ಮಿತಿಯ ಇಮ್ಮಡಿಯನ್ನು ದಾಟಕೂಡದು. ನಮ್ಮ ಲೆಕ್ಕಪರಿಶೋಧಕರಿಗಿಂತಲೂ ಕಟ್ಟುನಿಟ್ಟಿನ ನಿಯಮವಿದು ಎಂದು ನನಗೆ ಅನಿಸಿದ್ದುಂಟು.

ತೂಕ ಸರಿಯಿದ್ದ ಮಾತ್ರಕ್ಕೆ ಔಷಧದ ಪ್ರಮಾಣವೂ ಸರಿಯಿರಬೇಕೆಂದೇನೂ ಇಲ್ಲ. ಥೈರಾಯಿಡ್ ತೊಂದರೆಗೆ ಕೊಡುವ ಥೈರಾಕ್ಸಿನ್ ಮಾತ್ರೆಯನ್ನು ತೆಗೆದುಕೊಳ್ಳಿರಿ. ಅದರಲ್ಲಿ ಔಷಧವಿರುವುದು 25, 50 ಅಥವಾ 100 ಮೈಕ್ರೋಗ್ರಾಮ್ ಮಾತ್ರ. ಮಾತ್ರೆಯ ತೂಕ 100 ಮಿಲಿಗ್ರಾಮ್ ಎಂದಿಟ್ಟುಕೊಂಡರೆ, 100 ಮೈಕ್ರೋಗ್ರಾಮ್ ಔಷಧವು ಸಾವಿರದಲ್ಲಿ ಒಂದು ಪಾಲು. ಮಿಕ್ಕ 999 ಪಾಲು ಪೂರಕವೇ. ಅವಲಕ್ಕಿ ಚೂಡಾದ ಡಬ್ಬಿಯನ್ನು ನಾಲ್ಕು ದಿನ ಅತ್ತಿತ್ತ ಸರಿಸಿದರೆ ಕಡಲೆಕಾಯಿ ಮೇಲೆ ಉಳಿದು, ಖಾರದ ಪುಡಿಯೆಲ್ಲ ತಳ ಸೇರುವುದನ್ನು ಎಲ್ಲ ಗೃಹಿಣಿಯರೂ ಕಂಡಿದ್ದಾರೆ. ದೊಡ್ಡ ಹರಳುಗಳ ನಡುವೆ ನುಣ್ಣನೆಯ ಪುಡಿ ಅತಿಯಾಗಿದ್ದರೆ ಯಂತ್ರದ ಅಲುಗಾಟಕ್ಕೆ ಅದೂ ಹೀಗೆಯೇ ಕೆಳಗಿಳಿಯುತ್ತದೆ. ಔಷಧದ ಅಂಶವು ಪುಡಿಯಲ್ಲಿ ಹೆಚ್ಚಾಗಿ ಸೇರಿಕೊಂಡಿದ್ದರೆ ಮೊದಲ ಮಾತ್ರೆಗೂ ಕೊನೆಯ ಮಾತ್ರೆಗೂ ವ್ಯತ್ಯಾಸ ಬರುತ್ತದೆ. ಹೃದಯದ ಔಷಧ, ಥೈರಾಯಿಡ್ ಔಷಧಗಳಂಥ ಸೂಕ್ಷ್ಮ ಪ್ರಮಾಣದ ಮಾತ್ರೆಗಳಲ್ಲಿ ಈ ವ್ಯತ್ಯಾಸವನ್ನು ಅನುಭವಿಸಬೇಕಾದವನು ರೋಗಿ. ಅವನಿಗೆ ಕಾರಣವೇ ತಿಳಿಯುವುದಿಲ್ಲ.

ಜರಡಿಯ ಕಣ್ಣು

ಜರಡಿಯ ಗಾತ್ರವನ್ನು ಕಾರ್ಖಾನೆಯವರು ಮೆಷ್ ಎಂಬ ಸಂಖ್ಯೆಯಿಂದ ಹೇಳುತ್ತಾರೆ. ಒಂದು ಅಂಗುಲದ ಉದ್ದದಲ್ಲಿ ಎಷ್ಟು ಕಣ್ಣುಗಳಿವೆಯೋ ಅದೇ ಮೆಷ್ ಸಂಖ್ಯೆ. ಸಂಖ್ಯೆ ಹೆಚ್ಚಿದಷ್ಟೂ ಕಣ್ಣು ಸಣ್ಣದು. ಲ್ಯಾಕ್ಟೋಸ್, ಪಿಷ್ಟಗಳನ್ನು ಸಾಮಾನ್ಯವಾಗಿ 40 ಮೆಷ್ ಜರಡಿಯಲ್ಲಿ ಮೊದಲೇ ಹಾಯಿಸುತ್ತಾರೆ. ಗೋಣಿಯ ದಾರ, ಕಾಗದದ ಚೂರುಗಳೆಲ್ಲ ಅಲ್ಲಿ ಸಿಕ್ಕಿಬೀಳುತ್ತವೆ. ಒಣಗಿದ ಹರಳುಗಳಿಗೆ 12ರಿಂದ 20ರವರೆಗಿನ ಮೆಷ್ ಹೆಚ್ಚು ಬಳಕೆಯಲ್ಲಿದೆ. ಮಾತ್ರೆ ಚಿಕ್ಕದಾದಷ್ಟೂ ಹರಳೂ ಚಿಕ್ಕದಿರಬೇಕು. 5 ಮಿಲಿಮೀಟರಿನವರೆಗಿನ ಮಾತ್ರೆಗೆ 20 ಮೆಷ್, 11 ಮಿಲಿಮೀಟರನ್ನು ಮೀರಿದ ಮಾತ್ರೆಗೆ 12 ಮೆಷ್ ಎಂಬುದು ಹಳೆಯ ಪಠ್ಯಪುಸ್ತಕಗಳ ರೂಢಿ.

ಇಲ್ಲಿಯೇ ಮೊದಲನೆಯ ಮೋಸ ಅಡಗಿದೆ. 16 ಮೆಷ್ ಎಂದರೆ ಅಂಗುಲಕ್ಕೆ 16 ಕಣ್ಣು, ಸರಿ. ಆದರೆ ಕಣ್ಣಿನ ಅಗಲವು ತಂತಿಯ ದಪ್ಪವನ್ನೂ ಅವಲಂಬಿಸಿದೆಯಷ್ಟೆ. ಅಮೆರಿಕದ ಮಾನಕದ 16ನೆಯ ಸಂಖ್ಯೆಯ ಜರಡಿಯ ಕಣ್ಣು 1.18 ಮಿಲಿಮೀಟರ್, ಬ್ರಿಟಿಷ್ ಮಾನಕದ 16ನೆಯ ಸಂಖ್ಯೆಯದು 1.00 ಮಿಲಿಮೀಟರ್. ಎರಡೂ 16 ಮೆಷ್! ದರಪಟ್ಟಿಯಲ್ಲಿ ಬರಿಯ ಮೆಷ್ ಸಂಖ್ಯೆಯನ್ನು ಬರೆದವನು ಏನನ್ನು ಬೇಕಾದರೂ ಕಳುಹಿಸಬಹುದು. ಆದುದರಿಂದ ಕಣ್ಣಿನ ಅಗಲವನ್ನೂ ತಂತಿಯ ದಪ್ಪವನ್ನೂ ಮಿಲಿಮೀಟರಿನಲ್ಲಿ ಬರೆಸಿಕೊಳ್ಳಬೇಕು.

ತಂತಿಯ ದಪ್ಪದ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಅವಶ್ಯ. 20 ಮೆಷ್ ಜಾಲರಿಯಲ್ಲಿ ಒಂದು ತಂತಿಯ ನಡುವಿನಿಂದ ಇನ್ನೊಂದು ತಂತಿಯ ನಡುವಿಗೆ ಇರುವ ದೂರ 25.4 ಭಾಗಿಸು 20, ಅಂದರೆ 1.27 ಮಿಲಿಮೀಟರ್. ತಂತಿಯ ದಪ್ಪ 0.42 ಆದರೆ ಕಣ್ಣು 0.85 ಮಿಲಿಮೀಟರ್. ಇಂಥ ಜಾಲರಿಯಲ್ಲಿ ತೆರೆದ ಜಾಗ ಒಟ್ಟು ವಿಸ್ತೀರ್ಣದ ಶೇ. 45ರಷ್ಟು. ತಂತಿಯನ್ನು 0.25ಕ್ಕೆ ಇಳಿಸಿದರೆ ಕಣ್ಣು 1.02 ಆಗುತ್ತದೆ, ತೆರೆದ ಜಾಗ ಶೇ. 64ನ್ನು ದಾಟುತ್ತದೆ. ಮಾಲು ಬೇಗನೆ ಇಳಿಯುತ್ತದೆ, ಯಂತ್ರದ ಸಾಮರ್ಥ್ಯವೆಂದು ಹೇಳಿಕೊಳ್ಳುವ ಅಂಕಿ ಏರುತ್ತದೆ, ಮಾರಾಟಗಾರನಿಗೆ ಸಂತೋಷ. ಆದರೆ ತೆಳ್ಳನೆಯ ತಂತಿ ಬೇಗ ಸವೆಯುತ್ತದೆ, ಬೇಗ ತುಂಡಾಗುತ್ತದೆ. ತುಂಡಾದ ತಂತಿ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಓದುಗರು ಊಹಿಸಬಲ್ಲರು.

ಯಂತ್ರಗಳ ಬಗೆಗಳು

ಒದ್ದೆಯ ಮುದ್ದೆಗೆ ಕಂಪನದ ಜರಡಿ ನಡೆಯದು. ಚಕ್ಕುಲಿ ಹಿಟ್ಟನ್ನು ರವೆಯ ಜರಡಿಗೆ ಹಾಕಿದಂತಾಗುತ್ತದೆ. ಅದಕ್ಕೆ ಅತ್ತಿಂದಿತ್ತ ತಿರುಗುವ ಕಂಬಿಗಳಿಂದ ಮುದ್ದೆಯನ್ನು ಜಾಲರಿಗೆ ಉಜ್ಜುವ ಆಸಿಲೇಟಿಂಗ್ ಗ್ರಾನ್ಯುಲೇಟರ್ ಅಥವಾ ಅಲಗುಗಳು ಸುತ್ತುವ ಮಲ್ಟಿಮಿಲ್ ಬೇಕು. ಇವು ಬೇರ್ಪಡಿಸುವ ಯಂತ್ರಗಳಲ್ಲ, ಗಾತ್ರಕ್ಕೆ ತರುವ ಯಂತ್ರಗಳು. ಈ ಭೇದವನ್ನು ಆರಂಭದಲ್ಲಿಯೇ ಗ್ರಹಿಸಬೇಕು. ಎರಡನ್ನೂ ಒಂದೇ ಯಂತ್ರದಿಂದ ಮಾಡಿಸಿಕೊಳ್ಳುವ ಉಳಿತಾಯ ಬಹಳ ಜನರಿಗೆ ಹೊಳೆಯುತ್ತದೆ. ಬಹಳ ಜನರಿಗೆ ನಷ್ಟವನ್ನೂ ತರುತ್ತದೆ.

ಒಣ ಹರಳುಗಳಿಗೆ ನಮ್ಮ ದೇಶದ ಸಣ್ಣ, ಮಧ್ಯಮ ಘಟಕಗಳಲ್ಲಿ ಅತಿ ಹೆಚ್ಚಾಗಿ ಕಾಣುವುದು ದುಂಡನೆಯ ವೈಬ್ರೋ ಸಿಫ್ಟರ್. 20, 30, 36, 48 ಅಂಗುಲದ ವ್ಯಾಸಗಳಲ್ಲಿ ಇದು ದೊರೆಯುತ್ತದೆ. ನಡುವೆ ನೆಟ್ಟಗೆ ನಿಲ್ಲಿಸಿದ ಮೋಟಾರು. ಅದರ ಅಕ್ಷದ ಮೇಲ್ತುದಿಗೂ ಕೆಳತುದಿಗೂ ಒಂದು ಮಗ್ಗುಲಿಗೆ ವಾಲಿದ ತೂಕದ ಬಿಲ್ಲೆಗಳು. ಮೇಲಿನ ತೂಕ ಜರಡಿಯನ್ನು ಅಡ್ಡಲಾಗಿ ತೂಗಾಡಿಸುತ್ತದೆ, ಕೆಳಗಿನದು ಮೇಲೆ ಕೆಳಗೆ ಕುಣಿಸುತ್ತದೆ. ಎರಡು ತೂಕಗಳ ನಡುವಣ ಕೋನವನ್ನು ಬದಲಿಸಿದರೆ ಮಾಲು ಜಾಲರಿಯ ಮೇಲೆ ಸಾಗುವ ಹಾದಿ ಬದಲಾಗುತ್ತದೆ. ಕೋನ ಕಡಮೆಯಿದ್ದರೆ ನೇರವಾಗಿ ಅಂಚಿಗೆ ಓಡುತ್ತದೆ. ಹೆಚ್ಚಿಸಿದರೆ ಸುರುಳಿ ಸುತ್ತುತ್ತ ನಿಧಾನವಾಗಿ ಹೋಗುತ್ತದೆ, ಅಷ್ಟು ಹೊತ್ತು ಜಾಲರಿಯ ಮೇಲೆ ಉಳಿಯುತ್ತದೆ. ನಮ್ಮ ತಾಯಂದಿರು ಜರಡಿಯನ್ನು ಒಂದು ಕೈಯಲ್ಲಿ ತಿರುಗಿಸುತ್ತ ಇನ್ನೊಂದು ಅಂಗೈಯಲ್ಲಿ ತಟ್ಟುವುದರ ಯಾಂತ್ರಿಕ ರೂಪವೇ ಇದು. ಎರಡು ಜಾಲರಿಗಳನ್ನು ಒಂದರ ಮೇಲೊಂದು ಇರಿಸಿದರೆ ಮೇಲಿಂದ ಗಂಟು, ನಡುವಿನಿಂದ ಒಳ್ಳೆಯ ಹರಳು, ತಳದಿಂದ ನುಣ್ಣನೆಯ ಪುಡಿ ಎಂದು ಮೂರು ಬಾಯಿಗಳಿಂದ ಮೂರು ಬಗೆ ಹೊರಬೀಳುತ್ತವೆ.

ಇನ್ನೊಂದು ಸೆಂಟ್ರಿಫ್ಯೂಗಲ್ ಸಿಫ್ಟರ್. ಉರುಳೆಯಾಕಾರದ ಜಾಲರಿಯೊಳಗೆ ಹಲಗೆಗಳು ವೇಗವಾಗಿ ಸುತ್ತಿ ಪುಡಿಯನ್ನು ಜಾಲರಿಗೆ ಎರಚುತ್ತವೆ. ಮೆತ್ತಗೆ ಗಂಟುಕಟ್ಟಿದ ಪುಡಿಗೆ, ಅಂಟಿಕೊಳ್ಳುವ ಪುಡಿಗೆ ಇದು ಬಹಳ ಒಳ್ಳೆಯದು. ಸಣ್ಣ ಜಾಗದಲ್ಲಿ ಗಂಟೆಗೆ ನೂರಾರು ಕಿಲೋ ಮಾಲನ್ನು ಸಾಗಿಸುತ್ತದೆ. ಟಂಬ್ಲರ್ ಎಂಬ ಮೂರನೆಯ ಬಗೆಯು ಇದಕ್ಕೆ ನೇರ ವಿರುದ್ಧ ಸ್ವಭಾವದ್ದು. ಕೈಯಿಂದ ಜರಡಿ ಆಡಿಸಿದಷ್ಟೇ ನಯವಾಗಿ ತೂಗುತ್ತದೆ, ಬೇರ್ಪಡಿಸುವುದರಲ್ಲಿ ನಿಖರ, ಆದರೆ ಬೆಲೆ ಹೆಚ್ಚು, ಜಾಗವೂ ಹೆಚ್ಚು ಬೇಕು.

ಜಾಲರಿಗೆ ಶಬ್ದಾತೀತ ಕಂಪನವನ್ನು ಕೊಡುವ ಉಪಕರಣವನ್ನೂ ಈಗ ಮಾರಾಟಗಾರರು ಉತ್ಸಾಹದಿಂದ ತೋರಿಸುತ್ತಾರೆ. ಸೆಕೆಂಡಿಗೆ ಸುಮಾರು 35,000 ಸಲ ನಡುಗುವ ತಂತಿಗೆ ಪುಡಿ ಅಂಟುವುದಿಲ್ಲ. 100 ಮೆಷ್‌ಗಿಂತ ಸೂಕ್ಷ್ಮವಾದ ಪುಡಿಗೆ ಇದು ನಿಜಕ್ಕೂ ಉಪಕಾರಿ. 16 ಮೆಷ್ ಹರಳಿಗೆ ಇದನ್ನು ಕೊಳ್ಳುವುದು ವ್ಯರ್ಥ ವೆಚ್ಚವೆಂದೇ ನನ್ನ ಅಭಿಪ್ರಾಯ. ಕಣ್ಣುಗಳಲ್ಲಿ ಹರಳು ಸಿಕ್ಕಿಕೊಳ್ಳುವುದನ್ನು ತಡೆಯಲು ಜಾಲರಿಯ ಅಡಿಯಲ್ಲಿ ಪುಟಿಯುವ ಸಿಲಿಕೋನ್ ಚೆಂಡುಗಳನ್ನು ಇಡುವ ಹಳೆಯ ಉಪಾಯವೇ ಸಾಕಾಗುತ್ತದೆ. ಆದರೆ ಚೆಂಡುಗಳೂ ಸವೆಯುತ್ತವೆ. ಸವೆದುದು ಎಲ್ಲಿ ಸೇರಿತು ಎಂದು ನೋಡುವವರು ಇರಬೇಕು.

ನಾನು ಮಾಡಿದ ಲೆಕ್ಕ

2014ರ ಆ ಘಟಕದ ಮಾಲಿಕ ಔಷಧ ಶಾಸ್ತ್ರವನ್ನು ಓದಿದ ತರುಣ. ದೊಡ್ಡ ಕಂಪನಿಯೊಂದಕ್ಕೆ ನೋವುನಿವಾರಕ ಮಾತ್ರೆಗಳನ್ನು ತಯಾರಿಸಿಕೊಡುವ ಒಪ್ಪಂದವನ್ನು ಮಾಡಿಕೊಂಡಿದ್ದ. ಜರಡಿ ಯಂತ್ರಕ್ಕೆ ಮೂರು ದರಪಟ್ಟಿಗಳು: 30 ಅಂಗುಲದ ವೈಬ್ರೋ, ಗಂಟೆಗೆ 200 ಕಿಲೋ, 48 ಅಂಗುಲದ ವೈಬ್ರೋ, ಗಂಟೆಗೆ 500 ಕಿಲೋ, ಸೆಂಟ್ರಿಫ್ಯೂಗಲ್, ಗಂಟೆಗೆ 800 ಕಿಲೋ. ಮೂರನೆಯದರ ಬೆಲೆ ಎರಡನೆಯದಕ್ಕಿಂತ ಸ್ವಲ್ಪವೇ ಹೆಚ್ಚು. ತರುಣನಿಗೆ ಮೊದಲನೆಯದರ ಮೇಲೆ ಮನಸ್ಸಿತ್ತು. ನಾನು ಕಾಗದದ ಮೇಲೆ ಬೆಲೆಯನ್ನು ಸಾಮರ್ಥ್ಯದಿಂದ ಭಾಗಿಸಿದೆ. ಕಿಲೋ ಒಂದಕ್ಕೆ ತಗಲುವ ಬಂಡವಾಳ ಮೂರನೆಯದರಲ್ಲಿ ಅತಿ ಕಡಮೆ. ಮುಂದೆ ವಿಸ್ತರಣೆಗೂ ಅನುಕೂಲವೆಂದು ಟಿಪ್ಪಣಿ ಬರೆದೆ. ಮೇಲಧಿಕಾರಿಗಳು ಮೆಚ್ಚಿ ಸಹಿ ಹಾಕಿದರು. ಸಾಲ ಬೇಕಿದ್ದ ಹುಡುಗ ಎದುರು ಮಾತನಾಡಲಿಲ್ಲ.

ನಾನು ಮಾಡದೆ ಬಿಟ್ಟ ಲೆಕ್ಕ ಇಲ್ಲಿದೆ. ಅವನಲ್ಲಿದ್ದುದು 27 ಅಚ್ಚುಗಳ ಒಂದೇ ಒತ್ತು ಯಂತ್ರ. ನಿಮಿಷಕ್ಕೆ 30 ಸುತ್ತು ತಿರುಗಿದರೆ 810 ಮಾತ್ರೆ, ಗಂಟೆಗೆ 48,600. ಮಾತ್ರೆಯ ತೂಕ 600 ಮಿಲಿಗ್ರಾಮ್. ಎಂದರೆ ಗಂಟೆಗೆ ಬೇಕಾದ ಹರಳು 29 ಕಿಲೋದಷ್ಟು. ಎಂಟು ಗಂಟೆಯ ಪಾಳಿಗೆ 233 ಕಿಲೋ. ಗಂಟೆಗೆ 200 ಕಿಲೋ ಸಾಗಿಸುವ ಅತಿ ಸಣ್ಣ ಯಂತ್ರವೇ ಇಡೀ ದಿನದ ಕೆಲಸವನ್ನು ಒಂದೂಕಾಲು ಗಂಟೆಯೊಳಗೆ ಮುಗಿಸಿ ಕುಳಿತುಕೊಳ್ಳುತ್ತಿತ್ತು. ಸರಪಳಿಯಲ್ಲಿ ತಡೆಯಿದ್ದುದು ಒಣಗಿಸುವ ಪೆಟ್ಟಿಗೆಯಲ್ಲಿ ಮತ್ತು ಒತ್ತು ಯಂತ್ರದಲ್ಲಿ, ಜರಡಿಯಲ್ಲಲ್ಲ. ಇಲ್ಲದ ಕೊರತೆಯನ್ನು ನೀಗಿಸಲು ನಾನು ಬ್ಯಾಂಕಿನ ಹಣವನ್ನು ಕೊಡಿಸಿದ್ದೆ.

ಅಷ್ಟೇ ಆಗಿದ್ದರೆ ಸ್ವಲ್ಪ ಬಂಡವಾಳ ಸುಮ್ಮನೆ ಮಲಗುತ್ತಿತ್ತು ಎನ್ನಬಹುದಿತ್ತು. ಮೂರು ತಿಂಗಳಲ್ಲಿ ಮಾತ್ರೆಗಳ ತಲೆ ಕಳಚಲಾರಂಭಿಸಿತು. ಒತ್ತು ಯಂತ್ರದಿಂದ ಹೊರಬಂದ ಮಾತ್ರೆಯ ಮೇಲಿನ ಪದರ ಟೋಪಿಯಂತೆ ಬೇರ್ಪಟ್ಟು ಬೀಳುತ್ತಿತ್ತು. ಕ್ಯಾಪಿಂಗ್ ಎಂದು ಇದಕ್ಕೆ ಹೆಸರು. ತೂಕವೂ ಏರುಪೇರಾಗುತ್ತಿತ್ತು. ಮೊದಲು ಅಂಟಿನ ದೋಷವೆಂದರು, ಆ ಮೇಲೆ ಒತ್ತಡದ ದೋಷವೆಂದರು. ಕಂತು ಬರುವುದು ತಡವಾದುದರಿಂದ ನಾನು ಘಟಕಕ್ಕೆ ಹೋದೆ. ಅಲ್ಲಿಯ ವಯಸ್ಸಾದ ಮೇಲ್ವಿಚಾರಕರು ದಕ್ಷಿಣ ಕನ್ನಡದವರು, ಮೂವತ್ತು ವರ್ಷಗಳಿಂದ ಗ್ರಾನ್ಯುಲೇಶನ್ ವಿಭಾಗದಲ್ಲಿಯೇ ದುಡಿದವರು. ಜರಡಿಗೆ ಹಾಕುವ ಮುಂಚಿನ ಹರಳನ್ನು ನನ್ನ ಒಂದು ಅಂಗೈಗೂ, ಹೊರಬಂದುದನ್ನು ಇನ್ನೊಂದು ಅಂಗೈಗೂ ಸುರಿದು, "ಉಜ್ಜಿ ನೋಡಿ ಸಾಹೇಬರೇ. ಇದು ರವೆ, ಅದು ಮೈದಾ. ನಿಮ್ಮ ಮಿಷನ್ನು ಜರಡಿ ಹಿಡಿಯುವುದಿಲ್ಲ, ಬೀಸುತ್ತದೆ" ಎಂದರು.

ಅವರು ಹೇಳಿದುದು ಅಕ್ಷರಶಃ ಸತ್ಯ. ವೇಗವಾಗಿ ಸುತ್ತುವ ಹಲಗೆಗಳ ಹೊಡೆತಕ್ಕೆ ಮೃದುವಾದ ಹರಳುಗಳು ಒಡೆಯುತ್ತಿದ್ದವು. ಒಣಗಿಸುವಾಗ ತೇವವನ್ನು ಅತಿಯಾಗಿ ತೆಗೆದುಬಿಟ್ಟಿದ್ದುದರಿಂದ ಅವು ಇನ್ನಷ್ಟು ಪೆಡಸಾಗಿದ್ದವು. ಹಲವು ಸೂತ್ರಗಳಲ್ಲಿ ಶೇ. 1ರಿಂದ 3ರಷ್ಟು ತೇವ ಹರಳಿನಲ್ಲಿ ಉಳಿದಿರಬೇಕು. ಅವರು 100 ಗ್ರಾಮ್ ಮಾದರಿಯನ್ನು ತೆಗೆದು, ಒಂದರ ಮೇಲೊಂದು ಇಟ್ಟ ಪರೀಕ್ಷಾ ಜರಡಿಗಳಲ್ಲಿ ಆಡಿಸಿ, ಪ್ರತಿ ಜರಡಿಯಲ್ಲಿ ಉಳಿದುದನ್ನು ತೂಗಿ ನನ್ನೆದುರಿಗೇ ಬರೆದರು. 60 ಮೆಷ್ ದಾಟಿ ಇಳಿದ ನುಣ್ಣನೆಯ ಪುಡಿ ಯಂತ್ರಕ್ಕೆ ಹಾಕುವ ಮೊದಲು ಶೇ. 15ರಷ್ಟು, ಹೊರಬಂದ ಮೇಲೆ ಶೇ. 30ಕ್ಕೂ ಹೆಚ್ಚು. ಈ ಪರೀಕ್ಷೆಗೆ ಬೇಕಾದುದು ಅರ್ಧ ಗಂಟೆ ಮತ್ತು ಒಂದು ತಕ್ಕಡಿ. ಯಂತ್ರವನ್ನು ಕೊಳ್ಳುವ ಮೊದಲು ತಯಾರಕರ ಕಾರ್ಖಾನೆಗೆ ನಮ್ಮದೇ ಹರಳನ್ನು ಒಯ್ದು ಇದನ್ನು ಮಾಡಿಸಬಹುದಾಗಿತ್ತು. ವಸಯಿಯಲ್ಲಿಯೂ ಅಹಮದಾಬಾದಿನಲ್ಲಿಯೂ ಔಷಧ ಯಂತ್ರಗಳ ತಯಾರಕರು ಬಹಳ ಮಂದಿ ಇದ್ದಾರೆ. ಸಕ್ಕರೆ, ಉಪ್ಪುಗಳನ್ನು ಹಾಕಿ ತೋರಿಸುವ ಪ್ರದರ್ಶನಕ್ಕೆ ಮರುಳಾಗಬಾರದು. ಉಪ್ಪಿನ ಹರಳು ಗಟ್ಟಿ, ಮಾತ್ರೆಯ ಹರಳು ಬೆರಳಿಗೆ ಒಡೆಯುವಂಥದು.

ಆ ಕಂಪನಿ ಒಪ್ಪಂದವನ್ನು ಮುಂದುವರಿಸಲಿಲ್ಲ. ಕಂತುಗಳು 90 ದಿನಗಳನ್ನು ಮೀರಿ ಬಾಕಿಯುಳಿದು ಖಾತೆಯು ಅನುತ್ಪಾದಕ ಆಸ್ತಿಗಳ ಪಟ್ಟಿಗೆ ಸೇರಿತು. ಯಂತ್ರವನ್ನು ಮಾರಿದಾಗ ಅರ್ಧ ಬೆಲೆಯೂ ಹುಟ್ಟಲಿಲ್ಲ. ಅದನ್ನು ಕೊಂಡವರು ಮಸಾಲೆ ಪುಡಿಯ ವ್ಯಾಪಾರಿಗಳು. ಅವರಿಗೆ ಅದು ಚೆನ್ನಾಗಿ ಒದಗಿತೆಂದು ಕೇಳಿದೆ. ಯಂತ್ರದಲ್ಲಿ ದೋಷವಿರಲಿಲ್ಲವಷ್ಟೆ. ತರುಣನು ಅನಂತರ 30 ಅಂಗುಲದ ವೈಬ್ರೋ ಯಂತ್ರವನ್ನೇ ಬಳಸಿದುದನ್ನು ತಂದು ಹಾಕಿಕೊಂಡ, ಸಣ್ಣ ಗಿರಾಕಿಗಳ ಕೆಲಸವನ್ನು ಹಿಡಿದು ನಾಲ್ಕು ವರ್ಷಗಳಲ್ಲಿ ಸಾಲವನ್ನು ತೀರಿಸಿದ. ಅವನ ತಂದೆ ಊರಿನ ಜಮೀನನ್ನು ಮಾರಿದ್ದು ನನಗೆ ತಿಳಿದದ್ದು ಖಾತೆ ಮುಗಿದ ದಿನ.

ತಂತಿಯ ತುಂಡು

ಹರಳು ಪುಡಿಯಾದರೆ ಮಾತ್ರೆ ಕೆಡುತ್ತದೆ, ಕಣ್ಣಿಗೆ ಕಾಣುತ್ತದೆ. ಜಾಲರಿಯ ತಂತಿ ತುಂಡಾಗಿ ಮಾತ್ರೆಯೊಳಗೆ ಸೇರಿದರೆ ಕಾಣುವುದಿಲ್ಲ. ಮಾತ್ರೆಗೆ ತಗಲುವ ಭಾಗಗಳೆಲ್ಲ 316 ದರ್ಜೆಯ, ತಗಲದ ಭಾಗಗಳು 304 ದರ್ಜೆಯ ತುಕ್ಕುಹಿಡಿಯದ ಉಕ್ಕಿನವಾಗಿರುವುದು ಔಷಧ ಯಂತ್ರಗಳ ವಾಡಿಕೆ. ಆದರೆ ಈ 316 ಉಕ್ಕು ಅಯಸ್ಕಾಂತಕ್ಕೆ ಹೆಚ್ಚುಕಡಮೆ ಸ್ಪಂದಿಸುವುದೇ ಇಲ್ಲ. ಒತ್ತು ಯಂತ್ರದ ಮುಂದೆ ಇಡುವ ಲೋಹಶೋಧಕವು ಕಬ್ಬಿಣವನ್ನು ಸುಲಭವಾಗಿ ಹಿಡಿಯುತ್ತದೆ, ಹಿತ್ತಾಳೆಯನ್ನು ಸ್ವಲ್ಪ ಕಷ್ಟದಿಂದ, ಈ ಉಕ್ಕನ್ನು ಎಲ್ಲಕ್ಕಿಂತ ಕಷ್ಟದಿಂದ. ಕೂದಲೆಳೆಯಂಥ ತಂತಿ ಯಾವ ದಿಕ್ಕಿಗೆ ಮಲಗಿದೆ ಎಂಬುದರ ಮೇಲೂ ಅದು ಸಿಕ್ಕುವುದು ಬಿಡುವುದು ನಿಂತಿದೆ. ಲೋಹಶೋಧಕವಿದೆಯಲ್ಲ, ಜರಡಿಯ ಚಿಂತೆಯೇಕೆ ಎನ್ನುವವರು ಇದನ್ನು ಗಮನಿಸಬೇಕು. ಶೋಧಕಕ್ಕೆ ಸಿಕ್ಕುವಂಥ ವಿಶೇಷ ಉಕ್ಕಿನ ಜಾಲರಿಗಳೂ ಈಗ ದೊರೆಯುತ್ತವೆ; ಬೆಲೆ ಹೆಚ್ಚಾದರೂ ವಿಚಾರಿಸುವುದು ಒಳ್ಳೆಯದು.

ಆದುದರಿಂದ ಪ್ರತಿ ಬ್ಯಾಚಿನ ಮೊದಲೂ ನಂತರವೂ ಜಾಲರಿಯನ್ನು ದೀಪದ ಮುಂದೆ ಹಿಡಿದು ನೋಡಿ, ಸಂಖ್ಯೆಯೊಡನೆ ಪುಸ್ತಕದಲ್ಲಿ ಬರೆದಿಡಬೇಕು. ಇದರಲ್ಲಿಯೂ ನಮ್ಮ ಬ್ಯಾಂಕಿನವರಿಗೆ ಅರ್ಥವಾಗುವ ಲೆಕ್ಕವೊಂದಿದೆ. ದಿನಕ್ಕೆ ಐದು ಬ್ಯಾಚು ನಡೆಯುವ ಕಡೆ ಸಂಜೆಗೊಮ್ಮೆ ಮಾತ್ರ ನೋಡಿದರೆ, ಹರಿದ ಜಾಲರಿ ಕಂಡ ದಿನ ಐದು ಬ್ಯಾಚುಗಳೂ ಸಂಶಯಕ್ಕೆ ಒಳಗಾಗುತ್ತವೆ. ಪ್ರತಿ ಬ್ಯಾಚಿಗೂ ನೋಡಿದರೆ ಒಂದು ಮಾತ್ರ. ಜಾಲರಿಯ ಬೆಲೆ ಸಾವಿರಗಳಲ್ಲಿ, ಬ್ಯಾಚಿನ ಬೆಲೆ ಲಕ್ಷಗಳಲ್ಲಿ. ನಗದು ಪೆಟ್ಟಿಗೆಯನ್ನು ದಿನವೂ ತಾಳೆ ನೋಡುವುದಕ್ಕೂ ತಿಂಗಳಿಗೊಮ್ಮೆ ನೋಡುವುದಕ್ಕೂ ಇರುವ ಅಂತರವಿದು.

ಜರಡಿಯ ಮೇಲೆ ಉಳಿದ ಕಸವನ್ನು ಕಾಲಕಾಲಕ್ಕೆ ಪರಿಶೀಲಿಸಬೇಕೆಂದು ಔಷಧ ನಿಯಮಗಳ ಶೆಡ್ಯೂಲ್ ಎಂ ಹೇಳುತ್ತದೆ. 1940ರ ಔಷಧ ಕಾನೂನಿನ ಅಡಿಯಲ್ಲಿ ಬಂದ 1945ರ ನಿಯಮಗಳ ಭಾಗವಾದ ಈ ಶೆಡ್ಯೂಲು 2001ರಲ್ಲಿ ಒಮ್ಮೆ, 2023ರ ಡಿಸೆಂಬರಿನಲ್ಲಿ ಇನ್ನೊಮ್ಮೆ ಪರಿಷ್ಕೃತವಾಯಿತು. ವಾರ್ಷಿಕ ವಹಿವಾಟು 250 ಕೋಟಿ ರೂಪಾಯಿಗಳನ್ನು ಮೀರಿದ ಕಂಪನಿಗಳಿಗೆ ಆರು ತಿಂಗಳ, ಉಳಿದವಕ್ಕೆ ಒಂದು ವರ್ಷದ ಗಡುವು ಕೊಟ್ಟು, ಸಣ್ಣ ಮಧ್ಯಮ ಘಟಕಗಳ ಪ್ರಾರ್ಥನೆಯ ಮೇರೆಗೆ ಅದನ್ನು 2025ರ ಡಿಸೆಂಬರ್ 31ರವರೆಗೆ ವಿಸ್ತರಿಸಿದರು. ಹಳೆಯ ಯಂತ್ರಗಳನ್ನು ಬದಲಿಸಲು ಸಾಲ ಕೇಳಿಕೊಂಡು ಘಟಕಗಳವರು ಬ್ಯಾಂಕುಗಳಿಗೆ ಬರುವುದಕ್ಕೆ ಇದೂ ಒಂದು ಕಾರಣ.

ಧೂಳು ಮತ್ತು ತೊಳೆಯುವ ಕೆಲಸ

ಜರಡಿಯ ಮಗ್ಗುಲಲ್ಲಿ ದಿನವಿಡೀ ನಿಲ್ಲುವ ಕೆಲಸಗಾರನ ಆರೋಗ್ಯದ ಮಾತನ್ನು ದರಪಟ್ಟಿಗಳಲ್ಲಿ ನಾನು ಓದಿದ್ದು ಅಪರೂಪ. ಜರಡಿಯಿಂದ ಏಳುವುದು ಬರಿಯ ಧೂಳಲ್ಲ, ಔಷಧ. ಪೆನಿಸಿಲಿನ್ ಧೂಳು ಒಗ್ಗದವರಿಗೆ ಪ್ರಾಣಾಪಾಯವನ್ನು ತರಬಲ್ಲದು. ಹಾರ್ಮೋನಿನ ಧೂಳು ಶರೀರದ ಸಮತೋಲವನ್ನೇ ಕದಡಬಲ್ಲದು. ಇಂಥ ಔಷಧಗಳಿಗೆ ಪ್ರತ್ಯೇಕ ಕಟ್ಟಡ, ಪ್ರತ್ಯೇಕ ಯಂತ್ರ ಇರಬೇಕೆಂಬ ನಿಯಮ ಇದಕ್ಕಾಗಿಯೇ. ಸಾಮಾನ್ಯ ಔಷಧಗಳಲ್ಲಿಯೂ ಯಂತ್ರವು ಪೂರ್ತಿ ಮುಚ್ಚಿದುದಾಗಿರಬೇಕು, ಇಲ್ಲವೆ ಧೂಳನ್ನು ಎಳೆದುಕೊಳ್ಳುವ ವ್ಯವಸ್ಥೆಯಿರಬೇಕು. ಪಿಷ್ಟ, ಲ್ಯಾಕ್ಟೋಸುಗಳ ಧೂಳು ಗಾಳಿಯಲ್ಲಿ ದಟ್ಟವಾದರೆ ಕಿಡಿಗೆ ಸ್ಫೋಟಿಸುತ್ತದೆ. ಯಂತ್ರಕ್ಕೆ ಭೂಸಂಪರ್ಕ ಕಡ್ಡಾಯ. ಐಸೊಪ್ರೊಪೈಲ್ ಆಲ್ಕೊಹಾಲಿನಂಥ ದ್ರಾವಕದಲ್ಲಿ ಕಲಸುವ ಘಟಕವಾದರೆ ಮೋಟಾರೂ ಸ್ವಿಚ್ಚೂ ಜ್ವಾಲಾನಿರೋಧಕ ಬಗೆಯವಾಗಿರಬೇಕು. ಉಳಿತಾಯಕ್ಕೆ ಇದು ಜಾಗವಲ್ಲ.

ಹತ್ತು ಬಗೆಯ ಮಾತ್ರೆಗಳನ್ನು ಸ್ವಲ್ಪ ಸ್ವಲ್ಪ ತಯಾರಿಸುವ ಸಣ್ಣ ಘಟಕಕ್ಕೆ ಯಂತ್ರದ ವೇಗಕ್ಕಿಂತ ಅದನ್ನು ಬಿಚ್ಚಿ ತೊಳೆದು ಜೋಡಿಸುವ ಹೊತ್ತು ಮುಖ್ಯ. ನೋವಿನ ಮಾತ್ರೆಯ ಪುಡಿ ಮೂಲೆಯಲ್ಲಿ ಉಳಿದು ಮರುದಿನ ಮಧುಮೇಹದ ಮಾತ್ರೆಗೆ ಸೇರಕೂಡದು. ಸ್ಪ್ಯಾನರುಗಳಿಲ್ಲದೆ ಪಟ್ಟಿಯನ್ನು ಸಡಿಲಿಸಿದೊಡನೆ ಜಾಲರಿ ಹೊರಬರುತ್ತದೆಯೇ, ಬೆಸುಗೆಗಳನ್ನು ಉಜ್ಜಿ ನುಣುಪು ಮಾಡಿದ್ದಾರೆಯೇ, ಜಾಲರಿಯ ಅಂಚಿನ ರಬ್ಬರಿನ ಅಡಿಯಲ್ಲಿ ಪುಡಿ ನಿಲ್ಲುವ ಸಂದು ಇದೆಯೇ ಎಂಬುದನ್ನು ಬೆರಳಾಡಿಸಿ ನೋಡಬೇಕು. ಯಂತ್ರವನ್ನು ಬಿಚ್ಚಿ ತೋರಿಸೆಂದು ಕೇಳಿದಾಗ ಮಾರಾಟಗಾರನ ಮೆಕ್ಯಾನಿಕ್ಕೇ ಮುಕ್ಕಾಲು ಗಂಟೆ ತೆಗೆದುಕೊಂಡರೆ, ನಮ್ಮ ಕೆಲಸಗಾರನಿಗೆ ಒಂದೂವರೆ ಗಂಟೆ ಬೇಕೆಂದು ತಿಳಿಯಬಹುದು.

ಈಗ ಇಂಥ ಅರ್ಜಿ ನನ್ನ ಮೇಜಿಗೆ ಬಂದರೆ, ಒತ್ತು ಯಂತ್ರದ ವೇಗದಿಂದ ಹಿಂದಕ್ಕೆ ಲೆಕ್ಕ ಹಾಕಿ ಜರಡಿಯ ಅಳತೆಯನ್ನು ನೋಡುತ್ತೇನೆ. ಅರ್ಜಿದಾರರ ಸ್ವಂತ ಹರಳಿನ ಮೇಲೆ ಮಾಡಿದ ಪರೀಕ್ಷೆಯ ಎರಡು ಪಟ್ಟಿಗಳನ್ನು, ಯಂತ್ರದ ಮೊದಲಿನದು ಮತ್ತು ನಂತರದ್ದು, ಕೇಳುತ್ತೇನೆ. ಉಕ್ಕಿನ ದರ್ಜೆಯ ಮತ್ತು ಜಾಲರಿಯ ಪ್ರಮಾಣಪತ್ರಗಳನ್ನು ದರಪಟ್ಟಿಯಲ್ಲಿಯೇ ನಮೂದಿಸಬೇಕೆಂದು ಹೇಳುತ್ತೇನೆ. ಬೆಲೆಯ ಹತ್ತನೆಯ ಒಂದು ಪಾಲನ್ನು ಮೂರು ಬ್ಯಾಚುಗಳು ಸರಿಯಾಗಿ ಹೊರಬರುವವರೆಗೆ ತಡೆಹಿಡಿಯಲು ತಯಾರಕರು ಮೊದಲು ಗೊಣಗಿದರೂ ಬಹುಮಟ್ಟಿಗೆ ಒಪ್ಪುತ್ತಾರೆ. ಮತ್ತೊಂದು ಮಾತು: ಪ್ರತಿ ಮೆಷ್‌ನ ಎರಡೆರಡು ಹೆಚ್ಚುವರಿ ಜಾಲರಿಗಳನ್ನು ಅರ್ಜಿದಾರರು ಯೋಜನಾ ವೆಚ್ಚದಲ್ಲಿ ಸೇರಿಸಿದಾಗ, ಇವು ಯಂತ್ರವಲ್ಲ, ಸವೆಯುವ ಸಾಮಗ್ರಿ ಎಂದು ನಮ್ಮ ಕಚೇರಿಗಳಲ್ಲಿ ಕೆಂಪು ಶಾಯಿಯಿಂದ ಹೊಡೆದುಹಾಕುವ ಪದ್ಧತಿಯಿದೆ. ನಾನೂ ಹೊಡೆದುಹಾಕಿದ್ದೆ. ಬದಲಿ ಜಾಲರಿ ಕೈಯಲ್ಲಿಲ್ಲದ ಕೆಲಸಗಾರ ಹರಿದ ಜಾಲರಿಯಿಂದಲೇ ಪಾಳಿಯನ್ನು ಮುಗಿಸುತ್ತಾನೆಂದು ಆ ಮೇಲ್ವಿಚಾರಕರು ಹೇಳಿದ ಮೇಲೆ ಅವನ್ನು ಸಾಲದ ಮೊತ್ತದಲ್ಲಿಯೇ ಉಳಿಸುತ್ತಿದ್ದೇನೆ.